ಭೂಕಂಪವೂ ಜ್ವಾಲಾಮುಖಿಯೂ

ಅಮರಕೋಶದಲ್ಲಿ ಭೂಮಿಗೆ ಹೇಳಿರುವ ಹೆಸರುಗಳಲ್ಲಿ ‘ಅಚಲಾ’ ಎಂಬುದೊಂದು, ‘ಸ್ಥಿರಾ’ ಎಂಬುದು ಮತ್ತೊಂದು. ಕಾಲ ಕೆಳಗಿನ ನೆಲವು ಅಲುಗದೆಂಬ ನಂಬಿಕೆಯಿಂದಲೇ ನಾವು ಮನೆಗಳನ್ನು ಕಟ್ಟುತ್ತೇವೆ. ಆ ನಂಬಿಕೆಯು ಅರೆನಿಮಿಷದಲ್ಲಿ ಸುಳ್ಳಾದಾಗ, ಆದಿಶೇಷನು ಹೆಡೆ ಬದಲಾಯಿಸಿದನೆಂದು ನಮ್ಮ ಜನರು ಹೇಳಿಕೊಂಡರು. ಇಂದಿನ ಭೂಗರ್ಭಶಾಸ್ತ್ರವು ತೋರಿಸುವ ಕಾರಣವೂ ಅದಕ್ಕಿಂತ ಕಡಮೆ ಆಶ್ಚರ್ಯಕರವಾದುದಲ್ಲ.

ಭೂಮಿಯ ಹೊರಚಿಪ್ಪು ಅಖಂಡವಾದ ಕವಚವಲ್ಲ. ಅದು ಏಳೆಂಟು ದೊಡ್ಡ ಫಲಕಗಳಾಗಿಯೂ ಹಲವು ಚಿಕ್ಕ ಫಲಕಗಳಾಗಿಯೂ ಒಡೆದಿದೆ. ಅವುಗಳ ದಪ್ಪ ಸುಮಾರು 100 ಕಿಲೋಮೀಟರು. ಕೆಳಗಿರುವುದು ಕುದಿಯುವ ದ್ರವವೆಂದು ಭಾವಿಸಬಾರದು. ಅದೂ ಕಲ್ಲೇ, ಆದರೆ ಕಾವಿನಿಂದ ಮೆದುವಾದ ಕಲ್ಲು. ಅರಗಿನ ಕಡ್ಡಿಯನ್ನು ಥಟ್ಟನೆ ಬಗ್ಗಿಸಿದರೆ ಮುರಿಯುವುದು. ಎರಡು ತುದಿಗಳಿಗೆ ಆಸರೆ ಕೊಟ್ಟು ಬಹುಕಾಲ ಬಿಟ್ಟರೆ ತಾನಾಗಿ ಬಾಗುವುದು. ಆ ಕಲ್ಲಿನ ಸ್ವಭಾವವೂ ಹೀಗೆಯೆ. ಅದರ ಮೇಲೆ ಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ, ಎಂದರೆ ನಮ್ಮ ಉಗುರು ಬೆಳೆಯುವ ವೇಗದಲ್ಲಿ, ಚಲಿಸುತ್ತಿವೆ. ಖಂಡಗಳು ಚಲಿಸುವುವೆಂದು ಜರ್ಮನಿಯ ವೇಗನರ್ ಎಂಬಾತನು 1912ರಲ್ಲಿ ವಾದಿಸಿದಾಗ ಬಹುಮಂದಿ ವಿದ್ವಾಂಸರು ಒಪ್ಪಲಿಲ್ಲ. 1960ರ ದಶಕದಲ್ಲಿ ಸಮುದ್ರತಳದ ಶೋಧನೆಗಳು ನಡೆದ ಬಳಿಕ ಆ ಚಲನೆಯನ್ನು ಒಪ್ಪಲೇಬೇಕಾಯಿತು.

ಫಲಕಗಳ ಅಂಚುಗಳು ನಯವಾಗಿ ಜಾರುವುದಿಲ್ಲ. ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವುವು. ಹಿಂದಿನ ಒತ್ತಡ ಮಾತ್ರ ನಿಲ್ಲದು. ಬಿಲ್ಲು ಬಾಗುವಂತೆ ಬಂಡೆಯು ಬಾಗುತ್ತ ಹೋಗಿ, ಕೊನೆಗೊಮ್ಮೆ ಹಿಡಿತ ತಪ್ಪಿ ಜಾರಿದರೆ, ಅದೇ ಭೂಕಂಪ.

ಜ್ವಾಲಾಮುಖಿಗೆ ಇಷ್ಟೇ ಸಾಲದು, ಕಲ್ಲು ಕರಗಬೇಕು. ಐಸ್‌ಲೆಂಡಿನಲ್ಲಿ ಎರಡು ಫಲಕಗಳು ಅಗಲುತ್ತಿವೆ. ಕೆಳಗಿನ ಬಿಸಿಯಾದ ಕಲ್ಲು ಮೇಲಕ್ಕೆ ಬಂದು, ಒತ್ತಡ ಕಡಮೆಯಾದುದರಿಂದ ಕರಗುತ್ತದೆ. ಜಪಾನ್, ಸುಮಾತ್ರಗಳ ಬಳಿ ಸಮುದ್ರತಳದ ಫಲಕವು ಎದುರಿನ ಫಲಕದ ಅಡಿಗೆ ಇಳಿಯುತ್ತಿದೆ. ಅದು ತನ್ನೊಡನೆ ನೀರನ್ನೂ ಒಯ್ಯುವುದು. ಲೋಹವು ಸುಲಭವಾಗಿ ಕರಗಲೆಂದು ಅಕ್ಕಸಾಲಿಗನು ಬಿಳಿಗಾರವನ್ನು ಹಾಕುವಂತೆ, ಈ ನೀರು ಆಳದ ಕಲ್ಲನ್ನು ಕಡಮೆ ಕಾವಿನಲ್ಲಿಯೇ ಕರಗಿಸುತ್ತದೆ. ಆದುದರಿಂದ ಅಲ್ಲಿ ಎರಡು ಉತ್ಪಾತಗಳೂ ಒಟ್ಟಿಗೆ ಇವೆ: 1883ರಲ್ಲಿ ಕ್ರಾಕಟೋವಾ ಸಿಡಿದುದೂ, 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ನಡುಗಿದ ಭೂಮಿಯು ಕಡಲನ್ನು ನಮ್ಮ ಪೂರ್ವತೀರದ ಮೇಲೆ ನುಗ್ಗಿಸಿದುದೂ ಇಂತಹ ಒಂದೇ ಅಂಚಿನಲ್ಲಿ.

ಹಾಗಾದರೆ 1934ರಲ್ಲಿ ಬಿಹಾರವನ್ನೂ 2015ರಲ್ಲಿ ನೇಪಾಳವನ್ನೂ ನಡುಗಿಸಿದ ಹಿಮಾಲಯದಲ್ಲಿ ಉರಿಯುವ ಜ್ವಾಲಾಮುಖಿಗಳೇಕೆ ಇಲ್ಲ? ಅಲ್ಲಿ ಡಿಕ್ಕಿ ಹೊಡೆದಿರುವುವು ಎರಡೂ ಖಂಡಗಳೇ. ಖಂಡದ ಕಲ್ಲು ಹಗುರವಾದುದರಿಂದ ಸಮುದ್ರತಳದಂತೆ ಆಳಕ್ಕೆ ಮುಳುಗಲೊಲ್ಲದು. ಮಡಿಚಿಕೊಂಡು ಪರ್ವತವಾಗಿ ಏಳುವುದು. ನಮ್ಮ ಫಲಕವು ಉತ್ತರಕ್ಕೆ ಒತ್ತುವ ವೇಗದಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟನ್ನು ಹಿಮಾಲಯವೇ ತಾಳಿಕೊಳ್ಳಬೇಕು. ಅಂಚು ಕಚ್ಚಿಕೊಂಡಿದ್ದರೆ ನೂರು ವರ್ಷಗಳಲ್ಲಿ ಕೂಡಿಡುವ ಸಾಲವು ಎರಡು ಮೀಟರು! ಅದನ್ನು ತೀರಿಸುವುದು ಭೂಕಂಪವೇ.

ದಕ್ಷಿಣದವರಾದ ನಾವು ಅಂಚಿನಿಂದ ದೂರವಿದ್ದೇವೆ. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಶಿಲಾರಸವೇ ಆದರೂ, ಆ ಬೆಂಕಿ ಎಂದೋ ಆರಿದೆ. ಭೂಕಂಪದ ಭಯವು ಮಾತ್ರ ಹಾಗೆ ತೀರಿಲ್ಲ. ಅಂಚಿನ ಒತ್ತಡವು ಫಲಕದ ಒಡಲಿಗೂ ಹರಡಿ, ಹಳೆಯ ಬಿರುಕುಗಳನ್ನು ಕೆಣಕಬಲ್ಲುದು. 1993ರ ಸೆಪ್ಟೆಂಬರ್ 30ರಂದು, ಬೀದರಕ್ಕೆ ನೆರೆಯಾದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಬೆಳಕು ಹರಿಯುವ ಮುನ್ನವೇ ನೆಲವು ನಡುಗಿತು. ಅದರ ಪ್ರಮಾಣ ಸುಮಾರು 6.2. ಜಪಾನಿನಲ್ಲಾಗಿದ್ದರೆ ಅಷ್ಟು ದೊಡ್ಡದೆನಿಸದ ಆ ಕಂಪನದಿಂದ ಇಲ್ಲಿ ಸಾವಿರಾರು ಜನರು ಸತ್ತರು. ಮಲಗಿದ್ದವರ ಮೇಲೆ ಬಿದ್ದುವು ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳು, ಭಾರವಾದ ಮಾಳಿಗೆಗಳು.

ಭೂಕಂಪದ ದಿನವನ್ನು ಮುಂದಾಗಿ ಹೇಳುವ ವಿದ್ಯೆಯು ಇಂದಿಗೂ ಯಾರಲ್ಲಿಯೂ ಇಲ್ಲ. ಆದರೆ ಬಾಗಿಲುಗಳ ಮೇಲ್ಮಟ್ಟದಲ್ಲಿ ನಾಲ್ಕು ಗೋಡೆಗಳನ್ನೂ ಬಿಗಿಯಾಗಿ ಸುತ್ತುವ ಕಬ್ಬಿಣ ಕಾಂಕ್ರೀಟಿನ ಪಟ್ಟಿಯೊಂದನ್ನು ಕಟ್ಟುವಾಗಲೇ ಹಾಕಿಸಿದರೆ, ಗೋಡೆಗಳು ಬೇರೆಬೇರೆಯಾಗಿ ಒರಗುವುದು ಬಹಳಮಟ್ಟಿಗೆ ತಪ್ಪುವುದು. ಭೂಮಿಯ ಚಲನೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಈ ಪಟ್ಟಿಯನ್ನು ಹಾಕಿಸುವುದು ನಮ್ಮ ಕೈಯಲ್ಲಿದೆ. ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ಇದೊಂದು ಮಾತು ಕೇಳಬೇಕೆಂದು ನಮ್ಮ ಪ್ರಾರ್ಥನೆ.