ಜಸೋಲಾದ ಈ ಶಾಲೆಯಲ್ಲಿ ಹೆತ್ತವರಿಗೂ ಪಾಠ

ದೆಹಲಿ ಮೆಟ್ರೊದ ಮೆಜೆಂಟಾ ಮಾರ್ಗದಲ್ಲಿ ಜಸೋಲಾ ವಿಹಾರ್–ಶಾಹೀನ್ ಬಾಗ್ ಎಂಬ ನಿಲ್ದಾಣವಿದೆ. ಒಂದು ಕಡೆ ಶಾಹೀನ್ ಬಾಗ್‌ನ ಒತ್ತೊತ್ತಾದ ಗಲ್ಲಿಗಳು, ಇನ್ನೊಂದು ಕಡೆ ದೆಹಲಿ ಅಭಿವೃದ್ಧಿ ಪ್ರಾಧಿಕಾರದ (ಡಿಡಿಎ) ಫ್ಲಾಟುಗಳ ಜಸೋಲಾ. ಈ ಜಸೋಲಾದಲ್ಲೇ ಇರುವುದು ‘ನ್ಯಾಷನಲ್ ಸೆಂಟರ್ ಫಾರ್ ಆಟಿಸಂ’. ಹೆಸರು ಕೇಳಿ ಸರ್ಕಾರದ ಕಚೇರಿ ಅಂದುಕೊಂಡೀರಿ. ಇದನ್ನು ನಡೆಸುತ್ತಿರುವುದು ಆಟಿಸಂ (ಸ್ವಲೀನತೆ) ಇರುವ ಮಕ್ಕಳ ಹೆತ್ತವರು ಕಟ್ಟಿದ ‘ಆಕ್ಷನ್ ಫಾರ್ ಆಟಿಸಂ’ ಸಂಸ್ಥೆ.

ಸಂಸ್ಥೆ ಹುಟ್ಟಿದ್ದು 1991ರಲ್ಲಿ. ಮುಂದೆ ನಿಂತವರು ಮೆರಿ ಬರುವಾ. ಅವರ ಮಗನಿಗೆ ಆಟಿಸಂ. ಆ ಕಾಲದಲ್ಲಿ ಇಂಥ ಮಕ್ಕಳಿಗೆ ಸಿಗುತ್ತಿದ್ದದ್ದು ಬಹುಪಾಲು ‘ಬುದ್ಧಿಮಾಂದ್ಯ’ ಎಂಬ ಚೀಟಿ, ಇಲ್ಲವೇ ಅಮ್ಮ ಸರಿಯಾಗಿ ಬೆಳೆಸಲಿಲ್ಲವೆಂಬ ಬೈಗುಳ. 1994ರಲ್ಲಿ ‘ಓಪನ್ ಡೋರ್’ ಶಾಲೆ ಶುರುವಾಯಿತು; ‘ಆಟಿಸಂ ನೆಟ್‌ವರ್ಕ್’ ಪತ್ರಿಕೆಯೂ ಅದೇ ವರ್ಷದ್ದು.

ಶಾಲೆಯ ಪಾಠ ಮಗುವಿನ ಕಣ್ಣಿನಿಂದ ಶುರುವಾಗುತ್ತದೆ. ಈಗೇನು, ಆಮೇಲೇನು ಎಂಬುದನ್ನು ಬಾಯಲ್ಲಿ ಹತ್ತು ಸಲ ಹೇಳುವ ಬದಲು ಚಿತ್ರಗಳ ಸಾಲಿನಲ್ಲಿ ತೋರಿಸುತ್ತಾರೆ. ಮುಂದೇನಾಗುತ್ತದೆಂದು ಗೊತ್ತಾದರೆ ಮಗುವಿನ ಅರ್ಧ ಗಾಬರಿ ಇಳಿಯುತ್ತದೆ. ನಾವು ‘ಹಟ’ ಎಂದು ಕರೆಯುವುದರಲ್ಲಿ ಬಹಳಷ್ಟು ಈ ಗಾಬರಿಯೇ. ಆದರೆ ನನ್ನ ಮಟ್ಟಿಗೆ ಇಲ್ಲಿನ ದೊಡ್ಡ ಕೆಲಸ ಮಕ್ಕಳ ತರಗತಿಯಲ್ಲ, ಹೆತ್ತವರದ್ದು. ದೂರದೂರುಗಳ ಅಪ್ಪ–ಅಮ್ಮಂದಿರು ಮಗುವಿನ ಜೊತೆ ಬಂದು, ಬಾಡಿಗೆ ಕೋಣೆ ಹಿಡಿದು, 12 ವಾರ ದಿನವೂ ಶಾಲೆಗೆ ಬರುತ್ತಾರೆ. ತಮ್ಮ ಮಗುವಿಗೆ ಕಲಿಸುವುದು ಹೇಗೆಂದು ತಾವೇ ಕಲಿತು ಊರಿಗೆ ಮರಳುತ್ತಾರೆ. ತಜ್ಞರೇ ಇಲ್ಲದ ಊರುಗಳೇ ಹೆಚ್ಚಿರುವ ದೇಶದಲ್ಲಿ ಇದಕ್ಕಿಂತ ವ್ಯವಹಾರಜ್ಞಾನದ ಉಪಾಯ ನನಗಂತೂ ಕಾಣದು. ಮೂರು ತಿಂಗಳು ರಜೆ, ದೆಹಲಿಯ ಬಾಡಿಗೆ ಎಲ್ಲರಿಗೂ ಎಟಕುವುದಿಲ್ಲ ಎಂಬುದೂ ನಿಜವೇ. ವಿಶೇಷ ಶಿಕ್ಷಕರನ್ನು ತಯಾರು ಮಾಡುವ ಡಿಪ್ಲೊಮಾ ಕೂಡ ಇಲ್ಲುಂಟು.

ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕೆನ್ನುವವರು ಪ್ರತ್ಯೇಕ ಶಾಲೆ ನಡೆಸುವುದೇಕೆ ಎಂದು ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಸಾಮಾನ್ಯ ಶಾಲೆಗಳು ‘ನಿಮ್ಮ ಮಗು ನಮ್ಮಲ್ಲಿ ಹೊಂದಿಕೊಳ್ಳಲ್ಲ’ ಎಂದು ಸಾಗಹಾಕುತ್ತಿದ್ದ ದಿನಗಳಲ್ಲಿ ಮಗು ಕಾಯುತ್ತ ಕೂರಲಾದೀತೆ?

ಕಾನೂನಿನ ಜಗಳವನ್ನೂ ಜೊತೆಜೊತೆಗೇ ಆಡಬೇಕಾಯಿತು. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಇರಲಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ಪ್ರಮಾಣಪತ್ರವೂ ಇಲ್ಲ, ಸೌಲಭ್ಯವೂ ಇಲ್ಲ. ಹೆತ್ತವರು ಮತ್ತು ಸಂಸ್ಥೆಗಳು ಬಿಡದೆ ಒತ್ತಾಯಿಸಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅದರ ಹೆಸರು ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ, ಆಟಿಸಂ ಜೊತೆಗೆ ಕಲಿಕಾ ನ್ಯೂನತೆಯನ್ನೂ ಸೇರಿಸಿಕೊಂಡಿತು. ಸಮನ್ವಯ ಶಿಕ್ಷಣ ಕೊಡುವುದು ಶಾಲೆಗಳ ಹೊಣೆ ಎಂದು ಬರೆಯಿತು.

ಈ ಹೋರಾಟದ ನಡುವೆಯೇ ಶಾಲೆಯ ಮೊದಲ ತಲೆಮಾರಿನ ಮಕ್ಕಳು ಮೀಸೆ ಬಂದವರಾಗಿದ್ದರು. ಅವರಿಗೆಂದು ‘ಆಧಾರ್’ ಎಂಬ ಕೆಲಸ ಕಲಿಕೆಯ ಕೇಂದ್ರ ತೆರೆಯಿತು. ನಮ್ಮ ನಂತರ ಇವರಿಗೆ ಯಾರು ಎಂಬ ಹೆತ್ತವರ ಚಿಂತೆಗೆ ಅದೇ 1999ರ ಕಾಯ್ದೆಯಲ್ಲಿ ಒಂದು ದಾರಿಯಿದೆ: 18 ದಾಟಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿ. ನಮ್ಮ ಜಿಲ್ಲೆಗಳಲ್ಲಾದರೆ ಅದರ ಬಗ್ಗೆ ವಿಚಾರಿಸಬೇಕಾದದ್ದು ಜಿಲ್ಲಾಧಿಕಾರಿ ಕಚೇರಿಯಲ್ಲಿ.