ಬೆಟ್ಟ ಹತ್ತೋದು ಬಿಡಿ, ಸುತ್ತಲಿನ ಊರು ನೋಡಿ: ವಿಜಯಪುರ, ದೇವನಹಳ್ಳಿ, ನಂದಿ

ಮೊದಲಿಗೇ ಹೇಳಿಬಿಡ್ತೀವಿ, ಇದು ಗೋಳಗುಮ್ಮಟದ ವಿಜಯಪುರ ಅಲ್ಲ. 2014ರ ನವೆಂಬರ್‌ನಲ್ಲಿ ಬಿಜಾಪುರಕ್ಕೆ ಆ ಹೆಸರು ಬಂದಮೇಲೆ ನಮ್ಮ ಪಕ್ಕದ ವಿಜಯಪುರಕ್ಕೆ ಹುಡುಕಾಟದಲ್ಲಿ ಎರಡನೇ ಸ್ಥಾನ ಆಗಿಹೋಗಿದೆ. ಮ್ಯಾಪ್‌ನಲ್ಲಿ ಬರೀ ‘ವಿಜಯಪುರ’ ಅಂತ ಹಾಕಿದ್ರೆ ಉತ್ತರ ಕರ್ನಾಟಕಕ್ಕೆ ದಾರಿ ತೋರಿಸಬಹುದು. ನಾವು ಹೇಳ್ತಿರೋದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಹಳಬರ ಬಾಯಲ್ಲಿ ಅದು ವಡಿಗೇನಹಳ್ಳಿ.

ನಮ್ಮಲ್ಲಿ ಒಂದು ದಿನದ ಟ್ರಿಪ್ ಅಂದ್ರೆ ನಂದಿಬೆಟ್ಟ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು, ಬೈಕಲ್ಲಿ ನಡುಗುತ್ತಾ ಹೋಗಿ, ಮಂಜು ನೋಡಿ, ಮ್ಯಾಗಿ ತಿಂದು, ಹತ್ತು ಗಂಟೆಗೆ ವಾಪಸ್ ಬಂದು ಮಲಗೋದು. ಎಂ.ಎಸ್. ಮಾಡೋಕೆ ಯುರೋಪಿಗೆ ಹೋದ ಸೀನಿಯರ್‌ಗಳು ಮಾತ್ರ ಪ್ರಾಗ್‌ನಿಂದ ರೈಲು ಹತ್ತಿ ಒಂದು ಗಂಟೆ ದೂರದ ಕುಟ್ನಾ ಹೋರಾ ಅನ್ನೋ ಹಳೇ ಬೆಳ್ಳಿ ಗಣಿಯ ಊರಿಗೆ ಹೋಗಿಬಂದ ಫೋಟೋ ಹಾಕ್ತಾರೆ. ರಾಜಧಾನಿ ಬೆಳೆಯೋದಕ್ಕೆ ಮುಂಚೆಯೇ ಇದ್ದು, ಒಂದು ಕಸುಬಿನಿಂದ ಹೆಸರು ಮಾಡಿದ ಊರುಗಳು ನಮ್ಮ ರಾಜಧಾನಿಯ ಪಕ್ಕದಲ್ಲೂ ಇವೆ. ಬೆಳ್ಳಿಯ ಬದಲು ಇಲ್ಲಿ ರೇಷ್ಮೆ, ಅಷ್ಟೇ. ಆ ಕಸುಬು ಇವತ್ತಿಗೂ ನಡೀತಿದೆ ಅನ್ನೋದು ನಮ್ಮ ಕಡೆಯ ಹೆಚ್ಚುಗಾರಿಕೆ.

ವಿಜಯಪುರದಿಂದಲೇ ಶುರು ಮಾಡಿ. ಹೆಬ್ಬಾಳದಲ್ಲಿ ನಿಂತರೆ ಶಿಡ್ಲಘಟ್ಟದ ಕಡೆ ಹೋಗುವ ಬಸ್ಸು ಸಿಗುತ್ತೆ. ಇಲ್ಲದಿದ್ದರೆ ದೇವನಹಳ್ಳಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು, ಹನ್ನೆರಡು ಕಿಲೋಮೀಟರ್ ಆಸುಪಾಸು. ಬೆಳಗ್ಗೆಯೇ ತಲುಪಬೇಕು, ಯಾಕಂದ್ರೆ ರೇಷ್ಮೆ ಗೂಡಿನ ಮಾರುಕಟ್ಟೆಯ ಜೀವ ಇರೋದು ಬೆಳಗಿನ ಹೊತ್ತು.

ಈ ಮಾರುಕಟ್ಟೆ ಯಾಕಿದೆ ಅನ್ನೋದು ಅರ್ಥ ಆಗಬೇಕಾದರೆ ಹುಳುವಿನ ಟೈಮ್‌ಟೇಬಲ್ ಗೊತ್ತಿರಬೇಕು. ಮೊಟ್ಟೆಯೊಡೆದ ಹುಳು ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಸಲ ಪೊರೆ ಕಳಚಿ (ರೈತರು ಇದಕ್ಕೆ ‘ಜ್ವರ’ ಅಂತಾರೆ), ಸುಮಾರು ನಾಲ್ಕು ವಾರಕ್ಕೆ ಹಣ್ಣಾಗುತ್ತೆ. ಆಗ ಅದನ್ನು ಬಿದಿರಿನ ಚಂದ್ರಿಕೆಗೆ ಬಿಡ್ತಾರೆ. ತಲೆಯನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಆಡಿಸುತ್ತಾ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತೆ. ಗೂಡನ್ನು ಹಾಗೇ ಬಿಟ್ಟರೆ ಒಳಗಿನ ಪ್ಯೂಪ ಕೆಲವೇ ದಿನದಲ್ಲಿ ಚಿಟ್ಟೆಯಾಗಿ ಗೂಡು ತೂತು ಮಾಡಿ ಆಚೆ ಬರುತ್ತೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಸಿಗೋದಿಲ್ಲ. ಅಂದ್ರೆ, ಬೆಲೆ ಏರಲಿ ಅಂತ ರೈತ ಗೂಡನ್ನು ಮನೆಯಲ್ಲಿ ಇಟ್ಟುಕೊಂಡು ಕಾಯೋ ಹಾಗಿಲ್ಲ. ಕೊಳ್ಳುವವನಿಗೆ ಇದು ಗೊತ್ತು. ಹೀಗೆ ಗಡಿಯಾರ ಒಬ್ಬರ ಕಡೆಗೇ ವಾಲಿದಾಗ ಮೋಸ ಸುಲಭ. ಅದಕ್ಕೇ 1959ರಲ್ಲಿ ರಾಜ್ಯ ಒಂದು ಕಾಯ್ದೆ ಮಾಡಿ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಯೊಳಗೆ, ಹರಾಜಿನ ಮೂಲಕ ನಡೆಯುವ ಹಾಗೆ ಕಟ್ಟುಹಾಕಿತು. ಈಗ ಅದು ಇ-ಹರಾಜು. ರೀಲರ್‌ಗಳು ಮೊಬೈಲ್‌ನಲ್ಲಿ ಬಿಡ್ ಹಾಕ್ತಾರೆ. ಬಂದ ಬೆಲೆ ಒಪ್ಪಿಗೆ ಆಗದಿದ್ದರೆ ಬೇಡ ಅನ್ನುವ ಹಕ್ಕು ರೈತನಿಗಿದೆ. ಹಾಲ್‌ನಲ್ಲಿ ಗೂಡಿನ ರಾಶಿಯ ಮುಂದೆ ನಿಂತ ರೈತರ ಮುಖ ನೋಡಿದರೆ, ನಾವು ರಿಸಲ್ಟ್ ಪೇಜ್ ರಿಫ್ರೆಶ್ ಮಾಡೋದು ನೆನಪಾಗುತ್ತೆ. ಒಂದು ತಿಂಗಳ ಇಡೀ ಮನೆಯ ದುಡಿಮೆ ಒಂದು ಸಂಖ್ಯೆಯಾಗಿ ಬರುವ ಹೊತ್ತು ಅದು. ಆ ಹೊತ್ತಲ್ಲಿ ಕ್ಯಾಮೆರಾ ಹಿಡಿದು ಅಡ್ಡ ನಿಲ್ಲಬೇಡಿ. ಕೇಳಿ, ಒಪ್ಪಿದ್ರೆ ತೆಗೀರಿ.

ಮಾರುಕಟ್ಟೆಯಿಂದ ಗೂಡು ಹೋಗೋದು ನೂಲು ಬಿಚ್ಚುವ ಘಟಕಗಳಿಗೆ. ಮನೆಗೆ ಅಂಟಿಕೊಂಡ ಶೆಡ್‌ಗಳಲ್ಲಿ ಇವು ನಡೆಯುತ್ತವೆ. ‘ಸ್ವಲ್ಪ ನೋಡಬಹುದಾ ಅಣ್ಣ’ ಅಂತ ಕೇಳಿದರೆ ಬೇಡ ಅನ್ನೋರು ಕಡಿಮೆ. ಮೆಕ್ಯಾನಿಕಲ್, ಇನ್‌ಸ್ಟ್ರುಮೆಂಟೇಶನ್‌ನವರು ಇಲ್ಲಿ ಅರ್ಧ ಗಂಟೆ ಕೂತರೆ ಒಂದು ಮಾಡ್ಯೂಲ್ ಓದಿದ ಹಾಗೆ. ಎಳೆಗಳನ್ನು ಹಿಡಿದಿಡುವ ಸೆರಿಸಿನ್ ಅನ್ನೋ ಅಂಟು ಬಿಸಿನೀರಲ್ಲಿ ಮೆತ್ತಗಾಗುತ್ತೆ. ಆಗ ಗೂಡಿನ ತುದಿ ಹುಡುಕಿ, ಹಲವು ಗೂಡುಗಳ ಎಳೆ ಸೇರಿಸಿ ಒಂದು ದಾರ ಮಾಡ್ತಾರೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತೆ. ತೊಂದರೆ ಏನಂದ್ರೆ, ಆ ಎಳೆ ಉದ್ದಕ್ಕೂ ಒಂದೇ ದಪ್ಪ ಇಲ್ಲ. ಒಳಗೆ ಹೋದಂತೆ ತೆಳ್ಳಗಾಗುತ್ತೆ, ನಡುವೆ ತುಂಡೂ ಆಗುತ್ತೆ. ದಾರ ಮಾತ್ರ ಒಂದೇ ದಪ್ಪ ಇರಬೇಕು. ಚರಕದಲ್ಲಿ ಇದನ್ನು ನಿಭಾಯಿಸೋದು ಕಣ್ಣು ಮತ್ತು ಬೆರಳು. ಒಂದು ಎಳೆ ಸಣ್ಣಗಾಯ್ತು ಅನ್ನಿಸಿದ ಕೂಡಲೇ ಹೊಸ ಗೂಡಿನ ಎಳೆಯನ್ನು ಎಸೆದು ಸೇರಿಸ್ತಾರೆ. ಸ್ವಯಂಚಾಲಿತ ಯಂತ್ರದಲ್ಲಿ ಅದೇ ಕೆಲಸವನ್ನು ಸಣ್ಣ ಗಾಜಿನ ಗೇಜ್ ಮಾಡುತ್ತೆ. ದಾರ ಅದರ ಸಂದಿಯಲ್ಲಿ ಹಾಯುವಾಗ ತೆಳ್ಳಗಾದರೆ ಘರ್ಷಣೆ ಕಡಿಮೆಯಾಗಿ ಲಿವರ್ ಜರುಗುತ್ತೆ, ಹೊಸ ಗೂಡು ಬಂದು ಸೇರುತ್ತೆ. ನಾವು ಬೋರ್ಡ್ ಮೇಲೆ ಬರೆದು ಮರೆತ ಕ್ಲೋಸ್ಡ್ ಲೂಪ್ ಕಂಟ್ರೋಲ್ ಇದೇ.

ಬೇಸಿನ್ ಮುಂದೆ ದಿನವಿಡೀ ಬಿಸಿನೀರಲ್ಲಿ ಕೈ ಅದ್ದಿ ಕೂರುವವರ ಬೆರಳುಗಳನ್ನೂ ನೋಡಿ. ಚರಕದ ಬಗ್ಗೆ ಪ್ರೀತಿಯಿಂದ ಮಾತಾಡುವ ಮುಂಚೆ ಅದು ಗೊತ್ತಿರಬೇಕು.

ಊರಿನ ಆಚೆ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ. ಭೌಗೋಳಿಕ ಗುರುತು ಪಡೆದ ‘ಬೆಂಗಳೂರು ನೀಲಿ’ ದ್ರಾಕ್ಷಿ ಬೆಳೆಯೋದು ಈ ಸೀಮೆಯಲ್ಲೇ. ವರ್ಷವಿಡೀ ಹರಿಯುವ ನದಿ ಇಲ್ಲ, ಕೆರೆ ಮತ್ತು ಬೋರ್‌ವೆಲ್ ನಂಬಿದ ಬೇಸಾಯ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಇತ್ತ ಕಡೆಯ ಕೆರೆಗಳಿಗೆ ತುಂಬಿಸ್ತಾರೆ. ನಮ್ಮ ಸ್ನಾನದ ನೀರು ಸುತ್ತಿಕೊಂಡು ಇಲ್ಲಿಗೆ ಬರಬಹುದು ಅನ್ನಿ.

ಈ ಜಮೀನಿನ ವಿಷಯ ಬಿಟ್ಟು ಮುಂದೆ ಹೋಗೋಕೆ ಆಗಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದಮೇಲೆ ಈ ತಾಲ್ಲೂಕಿನ ಎಕರೆಯ ಲೆಕ್ಕವೇ ಬದಲಾಯಿತು. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕ್‌ಗೆ ಅಂತ 1,777 ಎಕರೆ ಸ್ವಾಧೀನಕ್ಕೆ ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಘೋಷಿಸಿತು. ಪಾರ್ಕ್ ಬಂದಿದ್ರೆ ಕೆಲಸಕ್ಕೆ ಸೇರುತ್ತಿದ್ದವರು ನಮ್ಮಂಥೋರೇ. ನಮ್ಮ ಕ್ಲಬ್‌ನಲ್ಲೇ ಈ ಬಗ್ಗೆ ಎರಡು ಅಭಿಪ್ರಾಯ ಇವೆ, ಜೋರಾಗಿಯೇ ಇವೆ. ಆದರೆ ಗೂಡಿನ ಮಾರುಕಟ್ಟೆ ನೋಡಿ ಬಂದಮೇಲೆ ‘ಖಾಲಿ ಜಾಗ’ ಅನ್ನೋ ಪದವನ್ನು ಇಬ್ಬರೂ ಬಳಸ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೇವನಹಳ್ಳಿಗೆ ವಾಪಸ್. ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ 1501ರಲ್ಲಿ ಇಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಬೆಂಗಳೂರಿಗೆ ಕೆಂಪೇಗೌಡರು ಗುದ್ದಲಿ ಹಾಕಿದ್ದು 1537ರಲ್ಲಿ ಅಂತ ಲೆಕ್ಕ ಇಟ್ಟರೆ, ಇದು ಅದಕ್ಕೂ 36 ವರ್ಷ ಹಿರಿದು. 1749ರಲ್ಲಿ ಮೈಸೂರು ಸೈನ್ಯ ಮುತ್ತಿಗೆ ಹಾಕಿ ಗೆದ್ದುಕೊಂಡಿತು. ಹೈದರಾಲಿ ಅನ್ನೋ ಸಿಪಾಯಿಯ ಹೆಸರು ಮೊದಲು ಕೇಳಿಬಂದದ್ದು ಆ ಮುತ್ತಿಗೆಯಲ್ಲೇ. ಮರುವರ್ಷ ಟಿಪ್ಪು ಹುಟ್ಟಿದ್ದು ಇದೇ ಊರಲ್ಲಿ. ಜನ್ಮಸ್ಥಳ ಕೋಟೆಯ ಹೊರಗೆ, ನಡೆದು ಹೋಗುವಷ್ಟು ಹತ್ತಿರದಲ್ಲಿ, ಕಂಬಗಳ ಚಿಕ್ಕ ಮಂಟಪವೊಂದರಲ್ಲಿ ಇದೆ.

ಈಗ ಕಾಣುವ ಕಲ್ಲಿನ ಗೋಡೆ ಹೈದರ್–ಟಿಪ್ಪು ಕಾಲದ್ದು. ಸುಮಾರು 20 ಎಕರೆ, ಮೊಟ್ಟೆಯಾಕಾರದ ಕೋಟೆ, 12 ಅರೆವೃತ್ತದ ಕೊತ್ತಲ. ಸಿವಿಲ್‌ನವರು ಒಂದು ಕೊತ್ತಲದ ಮೇಲೆ ನಿಂತು ಎರಡೂ ಪಕ್ಕ ನೋಡಿ. ಗೋಡೆಯ ಬುಡಕ್ಕೆ ಬಂದವನು ಅಕ್ಕಪಕ್ಕದ ಕೊತ್ತಲದಿಂದ ಕಾಣಿಸ್ತಾನೆ. ಚೌಕದ ಮೂಲೆಯಾದರೆ ಅವನು ಅಡಗೋಕೆ ಜಾಗ ಉಳಿಯುತ್ತೆ, ಗುಂಡೇಟಿಗೆ ಮೂಲೆಯೇ ಮೊದಲು ಉದುರುತ್ತೆ. ಇಷ್ಟೆಲ್ಲ ಇದ್ದರೂ 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಇದನ್ನು ಹಿಡಿಯಿತು. ಕೋಟೆಯೊಳಗೆ ಜನ ವಾಸ ಇದ್ದಾರೆ, ಬಟ್ಟೆ ಒಣಗುತ್ತಿರುತ್ತೆ, ವೇಣುಗೋಪಾಲಸ್ವಾಮಿ ಗುಡಿಯಲ್ಲಿ ಪೂಜೆ ನಡೆಯುತ್ತೆ. ಗುಡಿಯ ಗೋಡೆಯ ಶಿಲ್ಪಗಳನ್ನು ತಪ್ಪಿಸಬೇಡಿ. ಪೇಟೆಯಲ್ಲಿ ಸಿಕ್ಕರೆ ದೇವನಹಳ್ಳಿ ಚಕ್ಕೋತ ತಗೊಳ್ಳಿ. ಸುಲಿಯೋದೇ ಒಂದು ಕೆಲಸ, ನಾಲ್ಕು ಜನ ಇದ್ದರೆ ಬೇಜಾರಾಗಲ್ಲ.

ಸಂಜೆಗೆ ನಂದಿ. ಬೆಟ್ಟ ಅಲ್ಲ, ಬೆಟ್ಟದ ಬುಡದ ನಂದಿ ಗ್ರಾಮ. ಚಿಕ್ಕಬಳ್ಳಾಪುರದ ಬಸ್ಸಲ್ಲಿ ನಂದಿ ಕ್ರಾಸ್‌ನಲ್ಲಿ ಇಳಿದು ಆಟೋ ಹಿಡೀರಿ. ಭೋಗನಂದೀಶ್ವರ ದೇವಾಲಯದ ಚರಿತ್ರೆ ಒಂಬತ್ತನೇ ಶತಮಾನದ ಆರಂಭದಿಂದ, ನೊಳಂಬರ ಕಾಲದಿಂದ ಸಿಗುತ್ತೆ. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಸೇರಿಸುತ್ತಾ ಹೋದರು. ಅರುಣಾಚಲೇಶ್ವರ, ಭೋಗನಂದೀಶ್ವರ ಎರಡು ಗುಡಿಗಳ ನಡುವಿನ ಕರಿಕಲ್ಲಿನ ಕಲ್ಯಾಣ ಮಂಟಪ, ಪಕ್ಕದಲ್ಲಿ ಶೃಂಗಿ ತೀರ್ಥದ ಮೆಟ್ಟಿಲುಗಳು. ಅಲ್ಲಿ ಸುಮ್ಮನೆ ಕೂರೋದೇ ಕಾರ್ಯಕ್ರಮ.

ಹೊತ್ತು ಮಿಕ್ಕರೆ ಮುದ್ದೇನಹಳ್ಳಿ ಹತ್ತಿರದಲ್ಲೇ ಇದೆ. ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕುವ ವಿಶ್ವೇಶ್ವರಯ್ಯನವರ ಊರು, ಮನೆ, ಸಮಾಧಿ. ಎಲ್ಲ ಒಂದೇ ದಿನಕ್ಕೆ ತುರುಕಿದರೆ ಯಾವುದೂ ನೆಟ್ಟಗೆ ನೋಡಿದ ಹಾಗಾಗಲ್ಲ, ಹಾಗಾಗಿ ಇದನ್ನು ಬೇಕಾದರೆ ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ.

ಕೊನೆಗೊಂದು ಕಿವಿಮಾತು. ಬೇಯುವ ಗೂಡಿನ ವಾಸನೆ ಜೋರು, ಬಟ್ಟೆಗೆ ಹತ್ತಿದ್ರೆ ಬಸ್ಸಲ್ಲಿ ಹಾಸ್ಟೆಲ್‌ವರೆಗೂ ಬರುತ್ತೆ. ಹೊಸ ಶರ್ಟ್ ಹಾಕ್ಕೊಂಡು ಹೋಗಬೇಡಿ, ಬೆಳಗಿನ ತಿಂಡಿಯನ್ನು ರೀಲಿಂಗ್ ಶೆಡ್‌ಗೆ ಮುಂಚೆಯೇ ಮುಗಿಸಿಬಿಡಿ.