ಘಾಟಿಯ ಹಸಿ ಕಸ ಒಲೆಯ ಅನಿಲವಾದೀತೇ?

ದೊಡ್ಡಬಳ್ಳಾಪುರ: ಬೆಂಗಳೂರಿನ ಕಸದ ಲಾರಿಗಳ ದುರ್ನಾತ ಎಂಥದೆಂದು ಈ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗುಂಡ್ಲಹಳ್ಳಿ, ಚಿಗರೇನಹಳ್ಳಿಯ ಕಸ ಘಟಕಗಳ ವಿರುದ್ಧ ಸುತ್ತಲಿನ ಹಳ್ಳಿಗರು ವರ್ಷಗಟ್ಟಲೆ ಹೋರಾಡಿದ್ದಾರೆ. ಆದ್ದರಿಂದ ಇಲ್ಲಿನ ಘಾಟಿ ಸುಬ್ರಹ್ಮಣ್ಯದಂಥ ಯಾತ್ರಾಸ್ಥಳದ ಹಸಿ ಕಸವನ್ನು ಹುಟ್ಟಿದಲ್ಲಿಯೇ ಅನಿಲವಾಗಿಸುವ ಮಾರ್ಗ ಪರಿಶೀಲನಾರ್ಹ. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹೊರಹಾಕುವ ಪೂಜಾಸ್ಥಳಗಳನ್ನೂ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬೃಹತ್ ಉತ್ಪಾದಕರ ಸಾಲಿಗೆ ಸೇರಿಸಿದವು.

ವಿಧಾನ ಸರಳ. ಗಾಳಿಯಾಡದ ತೊಟ್ಟಿಗೆ ಮೊದಲು ಸಗಣಿ ಕದಡಿ ತುಂಬಿ ಸೂಕ್ಷ್ಮಜೀವಿಗಳನ್ನು ನೆಲೆಗೊಳಿಸಬೇಕು. ದನಗಳ ಜಾತ್ರೆಗೆ ಹೆಸರಾದ ಘಾಟಿಯಲ್ಲಿ ಸಗಣಿಗೇನು ಬರ! ಬಳಿಕ ಮಿಕ್ಕ ಅನ್ನ, ಸಾರು, ತರಕಾರಿ ಸಿಪ್ಪೆಯನ್ನು ಅರೆದು, ನೀರು ಬೆರೆಸಿ ನಿತ್ಯ ಉಣಿಸಬೇಕು. ಹೊರಬರುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಇಂಥ ಒಂದು ಘನ ಮೀಟರ್ ಅನಿಲವು ಅರ್ಧ ಕಿಲೋಗಿಂತ ತುಸು ಕಡಿಮೆ ಎಲ್‌ಪಿಜಿಗೆ ಸಮ. ಉಳಿದ ಬಗ್ಗಡ ತೋಟಕ್ಕೆ ಗೊಬ್ಬರ. ತೆಂಗಿನ ಚಿಪ್ಪು, ನಾರು, ಹೂಮಾಲೆಯ ದಾರ, ಪ್ಲಾಸ್ಟಿಕ್ ಮಾತ್ರ ಒಳಹೋಗಕೂಡದು.

ತೊಡಕಿರುವುದು ಜಾತ್ರೆಯಲ್ಲಿ. ರಥೋತ್ಸವದ ದಿನ ರಾಶಿ ಬಿದ್ದ ಎಂಜಲನ್ನು ಒಮ್ಮೆಲೇ ಸುರಿದರೆ ತೊಟ್ಟಿಯೊಳಗೆ ಹುಳಿ ಏರಿ, ಮೀಥೇನ್ ನೀಡುವ ಜೀವಿಗಳು ಸೊರಗುತ್ತವೆ. ಮನುಷ್ಯರ ಅಜೀರ್ಣದಂತೆಯೇ ಇದು. ಚೇತರಿಕೆಗೆ ವಾರಗಳೇ ಬೇಕಾದೀತು. ತೊಟ್ಟಿಯನ್ನು ಸಾಮಾನ್ಯ ದಿನದ ಕಸಕ್ಕೆ ತಕ್ಕಂತೆ ಕಟ್ಟಿ, ಜಾತ್ರೆಯ ಹೆಚ್ಚುವರಿಯನ್ನು ಗೊಬ್ಬರದ ಗುಂಡಿಗೆ ಕಳಿಸುವುದೇ ಲೇಸು.

ನಿತ್ಯ ಉಣಿಸುವ ಶಿಸ್ತಿಗೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ ಸಾಕ್ಷಿ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದ ನೆರವಿನಿಂದ 1987ರಲ್ಲಿ ಸಗಣಿ ಅನಿಲದ ವಿದ್ಯುತ್ ಮನೆಗಳಿಗೆ ದೀಪವನ್ನೂ ನಲ್ಲಿ ನೀರನ್ನೂ ಒದಗಿಸತೊಡಗಿತು. ಊರಿನ ಯುವಕರೇ ಮನೆಮನೆಯ ಸಗಣಿಯನ್ನು ತೂಗಿ ತೊಟ್ಟಿಗೆ ಹಾಕುತ್ತಿದ್ದರು.